ಹಳೆಯ ಸಿಸ್ಟಮ್‌ಗೆ ಎಸ್‌ಎಸ್‌ಡಿ ಹಾಕಿದೆ

ಸಾಗರದಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಮದುವೆ ಕರೆಯೋಲೆ, ಸಂಘದ ವಾರ್ಷಿಕ ವರದಿ, ಕರಪತ್ರ, ವರ್ಷವಿಡೀ ಇದೇ ಕೆಲಸ. 2014ರಲ್ಲಿ ಜೋಡಿಸಿಕೊಂಡ ಕಂಪ್ಯೂಟರ್. ನಾಲ್ಕನೇ ತಲೆಮಾರಿನ ಐ5 ಪ್ರೊಸೆಸರ್, ಎಚ್81 ಮದರ್‌ಬೋರ್ಡು, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್.

ಬೆಳಿಗ್ಗೆ ಸ್ವಿಚ್ ಹಾಕಿ, ಕಸ ಗುಡಿಸಿ, ದೀಪ ಹಚ್ಚಿ ಬಂದರೂ ಅದು ಕೆಲಸಕ್ಕೆ ತಯಾರಾಗಿರುತ್ತಿರಲಿಲ್ಲ. ಮಗಳ ಮದುವೆ ಕಾರ್ಡಿನ ಪ್ರೂಫ್ ನೋಡಲು ಬಂದವರು "ಇನ್ನೂ ಓಪನ್ ಆಗಿಲ್ವಾ ಅಣ್ಣಾ?" ಎಂದು ಕೇಳಿದಾಗ ನಿಜಕ್ಕೂ ಬೇಜಾರಾಗುತ್ತಿತ್ತು. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದೆ. ಪ್ರೊಸೆಸರ್ ಶೇ. 10 ಕೂಡ ದಾಟಿರಲಿಲ್ಲ, ಡಿಸ್ಕ್ ಮಾತ್ರ ಶೇ. 100. ಯಂತ್ರಕ್ಕೆ ವಯಸ್ಸಾಗಿದೆ ಅಂದುಕೊಂಡಿದ್ದೆ, ಆದರೆ ತಡ ಆಗುತ್ತಿದ್ದದ್ದು ಡಿಸ್ಕಿನಲ್ಲಿ. ಹಾರ್ಡ್ ಡಿಸ್ಕಿನ ತಲೆ ಒಂದೊಂದು ಚೂರು ಫೈಲಿಗೂ ತಟ್ಟೆಯ ಮೇಲೆ ಆ ಕಡೆ ಈ ಕಡೆ ಓಡಾಡಬೇಕು. ಎಸ್‌ಎಸ್‌ಡಿ ಎಂದರೆ ಚಿಪ್ಪುಗಳಲ್ಲಿ ಫೈಲು ಇಡುವ ಡ್ರೈವು, ಅದರಲ್ಲಿ ತಿರುಗುವ ತಟ್ಟೆಯೇ ಇಲ್ಲ, ಹಾಗಾಗಿ ಆ ಓಡಾಟವೂ ಇಲ್ಲ.

ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡಿನಲ್ಲಿ ವಿಚಾರಿಸಿದೆ. ಎನ್‌ವಿಎಂಇ ಅನ್ನೋ ಬಗೆಯ ಎಸ್‌ಎಸ್‌ಡಿ ತಗೊಳ್ಳಿ, ಅದು ಇನ್ನೂ ಜಾಸ್ತಿ ಸ್ಪೀಡು ಎಂದರು. ಮಾತು ನಿಜವೇ. ಆದರೆ ನನ್ನ ಬೋರ್ಡಿನಲ್ಲಿ ಅದನ್ನು ಕೂರಿಸುವ ಎಂ.2 ಸ್ಲಾಟ್ ಇಲ್ಲ. ಬೇರೆ ಕಾರ್ಡ್ ಹಾಕಿ ಕೂರಿಸಿದರೂ ಹಳೆಯ ಬಯೋಸ್‌ಗೆ (ಸ್ವಿಚ್ ಹಾಕಿದ ಕೂಡಲೇ ಮೊದಲು ಓಡುವ, ಬೋರ್ಡಿನಲ್ಲೇ ಇರುವ ಪ್ರೋಗ್ರಾಂ) ಅದರಿಂದ ಬೂಟ್ ಮಾಡಲು, ಅಂದರೆ ವಿಂಡೋಸ್ ಏಳಿಸಲು, ಬರುವುದಿಲ್ಲ. ಮೂಗಿಗಿಂತ ಮೂಗುತಿ ಭಾರ ಆಗುತ್ತಿತ್ತು. ಹಾರ್ಡ್ ಡಿಸ್ಕಿನ ಹಾಗೇ ಕೇಬಲ್ಲಿನಲ್ಲಿ ಜೋಡಿಸುವ, 2.5 ಇಂಚಿನ 500 ಜಿಬಿ ಸಾಟಾ ಎಸ್‌ಎಸ್‌ಡಿ ತಂದೆ. ಜೊತೆಗೆ ಒಂದು ಸಾಟಾ ಕೇಬಲ್, 3.5 ಇಂಚಿನ ಜಾಗದಲ್ಲಿ ಕೂರಿಸುವ ಒಂದು ಬ್ರಾಕೆಟ್. ಎಸ್‌ಎಸ್‌ಡಿ ಡಬ್ಬಿಯಲ್ಲಿ ಸಾಮಾನ್ಯವಾಗಿ ಕೇಬಲ್ ಇರುವುದಿಲ್ಲ, ಕೇಳಿಯೇ ತಗೊಳ್ಳಿ.

ಹೊಸದಾಗಿ ವಿಂಡೋಸ್ ಹಾಕುವುದೇ ಚೊಕ್ಕ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅದು ಆಗದ ಮಾತು. ಪೇಜ್‌ಮೇಕರ್, ನುಡಿ, ಹತ್ತು ವರ್ಷ ಸೇರಿಸಿದ ಫಾಂಟುಗಳು, ಪ್ರಿಂಟರ್ ಸೆಟ್ಟಿಂಗು ಎಲ್ಲ ಇದ್ದ ಹಾಗೇ ಬೇಕಿತ್ತು. ಅದಕ್ಕೆ ಕ್ಲೋನ್ ಮಾಡಿದೆ, ಅಂದರೆ ಇದ್ದದ್ದನ್ನು ಇದ್ದ ಹಾಗೇ ನಕಲಿಳಿಸಿದೆ. ಮೊದಲು ಎಲ್ಲ ಜಾಬ್ ಫೈಲುಗಳನ್ನು ಹೊರಗಿನ ಡಿಸ್ಕಿಗೆ ಕಾಪಿ ಮಾಡಿಟ್ಟೆ. ಈ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ. ಆಮೇಲೆ ಸಿ ಡ್ರೈವನ್ನು ಮಾತ್ರ, ಅದರ ಜೊತೆಗಿನ ಸಣ್ಣ ಬೂಟ್ ಪಾರ್ಟಿಷನ್ ಸಮೇತ, ಎಸ್‌ಎಸ್‌ಡಿಗೆ ಇಳಿಸಿದೆ. ಮುಗಿದ ಮೇಲೆ ಹಳೆಯ ಡಿಸ್ಕಿನ ಕೇಬಲ್ ಕಿತ್ತು, ಎಸ್‌ಎಸ್‌ಡಿ ಒಂದನ್ನೇ ಇಟ್ಟು ಮೊದಲ ಸಲ ಬೂಟ್ ಮಾಡಿದೆ. ಎರಡೂ ಇದ್ದರೆ ಯಾವುದರಿಂದ ಎದ್ದಿತು ಎಂದೇ ಗೊತ್ತಾಗುವುದಿಲ್ಲ.

ವಿಂಡೋಸ್ ಎದ್ದಿತು. ಸುಮಾರು 20 ಸೆಕೆಂಡು. ಖುಷಿಗೆ ಮತ್ತೊಮ್ಮೆ ಆಫ್ ಮಾಡಿ ಆನ್ ಮಾಡಿದೆ.

ಆದರೆ ಸ್ಪೀಡ್ ಅಳೆದಾಗ ಸೆಕೆಂಡಿಗೆ 270 ಎಂಬಿ ಬಂತು. ಡಬ್ಬಿಯ ಮೇಲೆ 550 ಎಂದಿತ್ತು. ಟಾರ್ಚ್ ಹಿಡಿದು ಬೋರ್ಡ್ ನೋಡಿದೆ. ಧೂಳು ಒರೆಸಿದಾಗ ಅಕ್ಷರ ಕಂಡವು: ನಾಲ್ಕು ಪೋರ್ಟುಗಳು, ಪಕ್ಕದಲ್ಲಿ 0, 1, 2, 3. ಸಾಟಾ-3 ಎಂದರೆ ವೇಗದ್ದು ಎಂದು ಓದಿದ್ದೆನಲ್ಲ, 3 ಎಂದು ಬರೆದ ಪೋರ್ಟಿಗೇ ಚುಚ್ಚಿದ್ದೆ. ಅದು ಬರೀ ಪೋರ್ಟಿನ ನಂಬರ್. ಎಚ್81ರಲ್ಲಿ ಎರಡು ಪೋರ್ಟು ಮಾತ್ರ 6 ಗಿಗಾಬಿಟ್‌ನವು, ಉಳಿದೆರಡು 3 ಗಿಗಾಬಿಟ್‌ನವು. ನನ್ನ ಬೋರ್ಡಿನ ಕೈಪಿಡಿಯಲ್ಲಿ 0 ಮತ್ತು 1 ವೇಗದವು ಎಂದಿತ್ತು. ಕೇಬಲ್ ಬದಲಿಸಿದೆ. 530 ಬಂತು.

ನಿಜ ಹೇಳಬೇಕೆಂದರೆ ಬೂಟ್ ಆಗುವುದರಲ್ಲಿ ಇದರಿಂದ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ವಿಂಡೋಸ್ ಏಳುವಾಗ ಓದುವುದು ಸಾವಿರಾರು ಚಿಕ್ಕ ಚಿಕ್ಕ ಚೂರುಗಳನ್ನು, ಅದಕ್ಕೆ ನಿಧಾನದ ಪೋರ್ಟೂ ಸಾಕು. ದೊಡ್ಡ ಫೈಲು ಕಾಪಿ ಮಾಡುವಾಗ ಮಾತ್ರ ಗೊತ್ತಾಗುತ್ತದೆ. ಹಾಗಾಗಿ ನಿಮ್ಮ ಬೋರ್ಡ್ ಇನ್ನೂ ಹಳೆಯದಾಗಿ, 3 ಗಿಗಾಬಿಟ್ ಪೋರ್ಟ್ ಮಾತ್ರ ಇದ್ದರೂ ಹಿಂಜರಿಯಬೇಡಿ.

ಇನ್ನೊಂದು ತೊಡಕು ಬಯೋಸ್‌ನಲ್ಲಿತ್ತು. ಜೋಡಿಸಿದವರು ಸಾಟಾ ಮೋಡನ್ನು, ಅಂದರೆ ಬೋರ್ಡು ಡ್ರೈವಿನ ಜೊತೆ ವ್ಯವಹರಿಸುವ ರೀತಿಯನ್ನು, ಹಳೆಯ ಐಡಿಇಗೇ ಬಿಟ್ಟಿದ್ದರು. ಹೊಸ ರೀತಿಯಾದ ಎಎಚ್‌ಸಿಐ ಇದ್ದರೆ ಡ್ರೈವು ಒಟ್ಟಿಗೆ 32 ಕೋರಿಕೆಗಳನ್ನು ಸಾಲಿನಲ್ಲಿ ಇಟ್ಟುಕೊಳ್ಳಬಲ್ಲದು, ಐಡಿಇಯಲ್ಲಿ ಆಗದು. ಸುಮ್ನೆ ಬದಲಿಸಿದೆ, ನೀಲಿ ಪರದೆ ಬಂತು. ವಾಪಸ್ ಐಡಿಇ ಮಾಡಿ, ವಿಂಡೋಸಿನ ಎಂಎಸ್‌ಕಾನ್ಫಿಗ್ ಎಂಬ ಸೆಟ್ಟಿಂಗಿನಲ್ಲಿ ಸೇಫ್ ಬೂಟ್ ಆರಿಸಿ ರೀಸ್ಟಾರ್ಟ್ ಮಾಡಿದೆ. ಅದೇ ಹೊತ್ತಿಗೆ ಬಯೋಸ್‌ಗೆ ಹೋಗಿ ಎಎಚ್‌ಸಿಐ ಹಾಕಿದೆ. ಸೇಫ್ ಮೋಡಿನಲ್ಲಿ ಒಮ್ಮೆ ಎದ್ದ ಮೇಲೆ ಆ ಟಿಕ್ ತೆಗೆದೆ. ಎಲ್ಲ ಸರಿಹೋಯಿತು.

ಈ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದಕ್ಕೆ ಈ ಯಂತ್ರದ ಇಂಟರ್ನೆಟ್ ತೆಗೆದಿದ್ದೇನೆ. ಮೇಲ್ ಎಲ್ಲ ಲ್ಯಾಪ್‌ಟಾಪಿನಲ್ಲಿ.

ಹಳೆಯ ಹಾರ್ಡ್ ಡಿಸ್ಕನ್ನು ಮತ್ತೆ ಜೋಡಿಸಿದೆ. ಹಾರ್ಡ್ ಡಿಸ್ಕ್ ಕೆಡುವ ಮೊದಲು ಎಷ್ಟೋ ಸಲ ಕಟಕಟ ಸದ್ದು ಮಾಡಿ ಎಚ್ಚರಿಸುತ್ತದೆ. ಎಸ್‌ಎಸ್‌ಡಿ ಸದ್ದಿಲ್ಲದೆ ನಿಂತುಬಿಡಬಹುದು. ಅದಕ್ಕೆ ಪ್ರತಿ ಶನಿವಾರ ಬಾಗಿಲು ಹಾಕುವ ಮೊದಲು ಆ ವಾರದ ಜಾಬ್‌ಗಳನ್ನೆಲ್ಲ ಹಳೆಯ ಡಿಸ್ಕಿಗೆ ಕಾಪಿ ಮಾಡುತ್ತೇನೆ. ಅಷ್ಟು ಹೊತ್ತು ಅದರ ಗರಗರ ಸದ್ದು ಮತ್ತೆ ಕೇಳುತ್ತದೆ.