ಪ್ರನಾಳದೊಳಗೆ ರಾಗಿ ಮೊಳಕೆ

ಕಿಣ್ವಗಳ, ಎಂದರೆ ಜೀವಿಗಳಲ್ಲಿ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ಎನ್‌ಜೈಮ್‌ಗಳ, ಪ್ರಯೋಗಕ್ಕೆ ಎಂಜಲು ಬಳಸುವುದನ್ನು ನಾನು ಬಿಟ್ಟು ಕೆಲವು ವರ್ಷಗಳಾದವು. ಪಿಯುಸಿ ಜೀವಶಾಸ್ತ್ರದ ಪ್ರಯೋಗಗಳ ಪಟ್ಟಿಯಲ್ಲಿ ಇರುವುದು ಲಾಲಾರಸವೇ. ಬಾಯಿ ಮುಕ್ಕಳಿಸಿ, ಜೊಲ್ಲನ್ನು ಬೀಕರಿನಲ್ಲಿ ಸಂಗ್ರಹಿಸಿ, ಪಿಷ್ಟದ ದ್ರಾವಣಕ್ಕೆ ಬೆರೆಸಿ, ಅಯೋಡಿನ್ ಹಾಕಿ ಬಣ್ಣ ನೋಡಬೇಕು. ಎಂಜಲು ಕೈ ಎಂದರೆ ನೀರಿನ ಚೊಂಬನ್ನೂ ಮುಟ್ಟಗೊಡದ ಮನೆಗಳಿಂದ ಬರುವ ಹದಿನಾರು ವರ್ಷದ ಮಕ್ಕಳು ಸಹಪಾಠಿಗಳ ಎದುರು ಉಗುಳಲು ಎಷ್ಟು ಸಂಕೋಚಪಡುತ್ತಾರೆ ಎಂಬುದನ್ನು ಆ ಪಟ್ಟಿ ಮಾಡಿದವರು ಯೋಚಿಸಿರಲಿಕ್ಕಿಲ್ಲ. ಕೊರೊನಾ ಬಂದ ಮೇಲಂತೂ ಅದರ ಮಾತೇ ಬೇಡವಾಯಿತು. ಪರೀಕ್ಷೆಗೆ ಬೇಕಾದ ವಿಧಾನವನ್ನು ಈಗಲೂ ಬರೆಸುತ್ತೇನೆ. ಕಿಣ್ವ ಎಂದರೇನು ಎಂದು ಕಲಿಸುವುದು ಮಾತ್ರ ರಾಗಿ ಮೊಳಕೆಯಿಂದ.

ನಮ್ಮದು ತುಮಕೂರು ಜಿಲ್ಲೆಯ ಹೋಬಳಿ ಕೇಂದ್ರವೊಂದರ ಕಾಲೇಜು. ರಾಗಿ ಇಲ್ಲದ ಮನೆ ಇಲ್ಲ. ಕೂಸಿಗೆ ‘ಸರಿ’ ಎಂಬ ಗಂಜಿ ಮಾಡಲು ರಾಗಿಯನ್ನು ಮೊಳಕೆ ಕಟ್ಟುವುದನ್ನು ಬಹುತೇಕ ಎಲ್ಲ ಮಕ್ಕಳೂ ನೋಡಿರುತ್ತಾರೆ. ಆದ್ದರಿಂದ ಮೊಳಕೆ ತಯಾರಿಸುವ ಕೆಲಸ ಅವರದೇ. ರಾತ್ರಿಯಿಡೀ ನೆನೆಸಿದ ರಾಗಿಯನ್ನು ಬಸಿದು, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಎರಡು ಮೂರು ದಿನ ಇಡುತ್ತಾರೆ. ಆಗಾಗ ನೀರು ಚಿಮುಕಿಸಬೇಕು. ಬಿಳಿ ಬೇರು ಎದ್ದ ಮೇಲೆ ತೆಳ್ಳಗೆ ಹರವಿ ಒಣಗಿಸಿ, ಅಂಗೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಿ, ಹುರಿಯದೆ ಮಿಕ್ಸಿಯಲ್ಲಿ ಪುಡಿ ಮಾಡಿ ತರುತ್ತಾರೆ. ಹುರಿಯದೆ ಎಂಬುದನ್ನು ಎರಡು ಸಲ ಹೇಳಿ ಕಳಿಸುತ್ತೇನೆ. ಮೊಳಕೆ ಬರಿಸದ ಮಾಮೂಲಿ ರಾಗಿ ಹಿಟ್ಟನ್ನೂ ಒಬ್ಬರು ತರಬೇಕು.

ಐದು ಗ್ರಾಂ ಮೊಳಕೆ ಹಿಟ್ಟನ್ನು ಐವತ್ತು ಮಿಲಿಲೀಟರ್ ತಣ್ಣೀರಿನಲ್ಲಿ ಕಲಸಿ, ನಡುನಡುವೆ ಕದಡುತ್ತಾ ಅರ್ಧ ಗಂಟೆ ಬಿಟ್ಟು ಸೋಸುತ್ತೇವೆ. ಮೊದಲು ಬಟ್ಟೆಯಲ್ಲಿ, ಆಮೇಲೆ ಸೋಸುಕಾಗದದಲ್ಲಿ. ಕೆಳಗೆ ಇಳಿಯುವ ತಿಳಿಯಲ್ಲಿ ಪಿಷ್ಟವನ್ನು ಕಡಿಯುವ ಅಮೈಲೇಸ್ ಎಂಬ ಕಿಣ್ವ ಇರುತ್ತದೆ. ಇನ್ನೊಂದೆಡೆ ಒಂದು ಗ್ರಾಂ ಪಿಷ್ಟವನ್ನು ನೂರು ಮಿಲಿಲೀಟರ್ ನೀರಿನಲ್ಲಿ ಕುದಿಸಿ ಆರಿಸಿಟ್ಟಿರುತ್ತೇವೆ. ಪಿಷ್ಟದ ಬಾಟಲಿ ಖಾಲಿಯಾಗಿದ್ದರೆ ಅನ್ನದ ಗಂಜಿಯ ತಿಳಿಯೂ ನಡೆಯುತ್ತದೆ. ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ಅನ್ನು ನೀರಿನಲ್ಲಿ ತೆಳುವಾಗಿಸಿದರೆ ಅಯೋಡಿನ್ ಸಿದ್ಧ. ಬಿಳಿ ಟೈಲಿನ ಮೇಲೆ ಅಯೋಡಿನ್ ಹನಿಗಳನ್ನು ಸಾಲಾಗಿ ಇಟ್ಟುಕೊಂಡು, ಪ್ರನಾಳದಲ್ಲಿ (ಟೆಸ್ಟ್ ಟ್ಯೂಬಿನಲ್ಲಿ) ಪಿಷ್ಟಕ್ಕೆ ಕಿಣ್ವದ ತಿಳಿಯನ್ನು ಬೆರೆಸಿದ ಕ್ಷಣದಿಂದ ನಿಮಿಷಕ್ಕೊಮ್ಮೆ ಒಂದು ತೊಟ್ಟನ್ನು ಹೊಸ ಹನಿಯ ಮೇಲೆ ಬಿಡಬೇಕು.

ಮೊದಲ ಹನಿ ಕಡುನೀಲಿ. ನಂತರದವು ನೇರಳೆ, ಕೆಂಪು ಬೆರೆತ ಕಂದು, ಕೊನೆಗೆ ಬರೀ ಅಯೋಡಿನ್ನಿನ ಹಳದಿ. ಈ ಬಣ್ಣಗಳ ಸಾಲಿನ ಮೇಲೆ ನಾನು ಒಂದು ಇಡೀ ತರಗತಿ ಕಳೆಯುತ್ತೇನೆ, ಏಕೆಂದರೆ ಕಣ್ಣಿಗೆ ಕಾಣದ ಅಣು ತುಂಡಾಗುವುದು ಇಲ್ಲಿ ಕಾಣುತ್ತದೆ. ಪಿಷ್ಟ ಎಂದರೆ ಗ್ಲೂಕೋಸ್ ಅಣುಗಳು ಕೈಕೈ ಹಿಡಿದ ಉದ್ದನೆಯ ಸರಪಣಿ. ಕವಲಿಲ್ಲದ ಅಮೈಲೋಸ್ ಸರಪಣಿ ಸುರುಳಿ ಸುತ್ತಿಕೊಂಡಿರುತ್ತದೆ, ಅಯೋಡಿನ್ ಆ ಸುರುಳಿಯ ಒಳಗೆ ಸೇರಿಕೊಂಡಾಗ ನೀಲಿ ಬಣ್ಣ ಬರುತ್ತದೆ. ಅಮೈಲೇಸ್‌ಗಳಲ್ಲಿ ಒಂದಾದ ಆಲ್ಫಾ ಅಮೈಲೇಸ್ ಸರಪಣಿಯನ್ನು ತುದಿಯಿಂದ ಕಡಿಯುತ್ತಾ ಬರುವುದಿಲ್ಲ, ನಡುನಡುವೆ ಎಲ್ಲೆಂದರಲ್ಲಿ ಕಡಿಯುತ್ತದೆ. ತುಂಡು ಗಿಡ್ಡವಾದಂತೆ ಬಣ್ಣ ಕೆಂಪಿಗೆ ತಿರುಗುತ್ತದೆ. ಸುಮಾರು ಹನ್ನೆರಡು ಗ್ಲೂಕೋಸ್‌ಗಿಂತ ಚಿಕ್ಕ ತುಂಡಿನಲ್ಲಿ ಅಯೋಡಿನ್ ನಿಲ್ಲುವಷ್ಟು ಸುರುಳಿ ಉಳಿಯುವುದಿಲ್ಲ. ಅದೇ ಪ್ರನಾಳಕ್ಕೆ ಸಕ್ಕರೆ ಪತ್ತೆಹಚ್ಚುವ ಬೆನೆಡಿಕ್ಟ್ ದ್ರಾವಣ ಹಾಕಿ ಬಿಸಿ ಮಾಡಿದರೆ ಇಟ್ಟಿಗೆ ಕೆಂಪು ಬರುತ್ತದೆ: ಮಾಲ್ಟೋಸ್ ಸಕ್ಕರೆ ಹುಟ್ಟಿದೆ.

ಪ್ರತಿ ಕಡಿತಕ್ಕೂ ಒಂದು ನೀರಿನ ಅಣು ಖರ್ಚಾಗುತ್ತದೆ. ಹಾಗಾದರೆ ನೀರಿನಲ್ಲೇ ಇರುವ ಪಿಷ್ಟ ತಾನಾಗಿ ಏಕೆ ತುಂಡಾಗುವುದಿಲ್ಲ ಎಂಬ ಪ್ರಶ್ನೆ ಬರಬೇಕು. ಬಾರದಿದ್ದರೆ ನಾನೇ ಕೇಳುತ್ತೇನೆ. ಉತ್ತರಕ್ಕೆ ಇನ್ನೊಂದು ಪ್ರನಾಳ ಬೇಕು. ಪಿಷ್ಟಕ್ಕೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಕುದಿಸುತ್ತಲೇ ಇದ್ದರೆ ನೀಲಿ ಅಲ್ಲಿಯೂ ಹೋಗುತ್ತದೆ. ಕ್ರಿಯೆ ಒಂದೇ, ಕಡಿಯುವ ಬಂಧವೂ ಒಂದೇ. ಒಂದಕ್ಕೆ ಆಮ್ಲ ಮತ್ತು ಕುದಿತ ಎರಡೂ ಬೇಕು, ಇನ್ನೊಂದು ಕೋಣೆಯ ಉಷ್ಣತೆಯಲ್ಲಿ ಸದ್ದಿಲ್ಲದೆ ನಡೆಯುತ್ತದೆ. ಕಿಣ್ವವು ಕ್ರಿಯೆಗೆ ಬೇಕಾದ ಆರಂಭದ ಶಕ್ತಿಯನ್ನು ತಗ್ಗಿಸುತ್ತದೆ ಎಂಬ ಪಠ್ಯದ ವಾಕ್ಯ ಈ ಎರಡು ಪ್ರನಾಳಗಳನ್ನು ಅಕ್ಕಪಕ್ಕ ಇಟ್ಟ ಮೇಲೆ ಬಾಯಿಪಾಠವಾಗಿ ಉಳಿಯುವುದಿಲ್ಲ.

ಇಷ್ಟೆಲ್ಲ ಕಡಿಯುವ ಆ ತಿಳಿ ಹಾದು ಬಂದದ್ದು ಸೋಸುಕಾಗದದ ಮೂಲಕ. ಕಾಗದವೂ ಗ್ಲೂಕೋಸ್ ಸರಪಣಿಯೇ! ಕಾಗದದ ಸೆಲ್ಯುಲೋಸ್‌ನಲ್ಲಿ ಒಂದು ಗ್ಲೂಕೋಸ್ ಮುಂದಿನದಕ್ಕೆ ಸೇರುವ ಬಂಧದ ದಿಕ್ಕು ಮಾತ್ರ ಬೇರೆ, ಪಿಷ್ಟದಲ್ಲಿ ಆಲ್ಫಾ, ಇಲ್ಲಿ ಬೀಟಾ. ಅಷ್ಟಕ್ಕೇ ಅಮೈಲೇಸ್ ಅದನ್ನು ಮುಟ್ಟುವುದಿಲ್ಲ. ಕಿಣ್ವ ಬೀಗವಿದ್ದಂತೆ, ಅದಕ್ಕೆ ಹೊಂದುವ ಕೀಲಿ ಒಂದೇ ಎಂದು ಜರ್ಮನ್ ರಸಾಯನಶಾಸ್ತ್ರಜ್ಞ ಎಮಿಲ್ ಫಿಷರ್ 1894ರಲ್ಲಿ ಹೇಳಿದ್ದು ಸಕ್ಕರೆಗಳ ಇಂತಹ ಸಣ್ಣ ವ್ಯತ್ಯಾಸಗಳನ್ನು ನೋಡಿಯೇ. ಹುಲ್ಲು ತಿಂದು ಹಸು ಬದುಕುತ್ತದೆ, ನಾವು ಬದುಕಲಾರೆವು. ಹಸುವಿಗೂ ಸೆಲ್ಯುಲೋಸ್ ಕಡಿಯುವ ಕಿಣ್ವ ಸ್ವಂತದ್ದಲ್ಲ, ಅದರ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳದ್ದು.

ಉಷ್ಣತೆಯ ಪ್ರಯೋಗದಲ್ಲಿ ನಾಲ್ಕು ಪ್ರನಾಳ: ಮಂಜುಗಡ್ಡೆಯಲ್ಲಿಟ್ಟದ್ದು, ಹಾಗೆಯೇ ಇಟ್ಟದ್ದು, ಐವತ್ತು ಡಿಗ್ರಿಯ ಬಿಸಿನೀರಿನಲ್ಲಿಟ್ಟದ್ದು, ಕಿಣ್ವದ ತಿಳಿಯನ್ನು ಮೊದಲೇ ಕುದಿಸಿ ಆರಿಸಿ ಹಾಕಿದ್ದು. ಐವತ್ತರದು ಎಲ್ಲಕ್ಕಿಂತ ಬೇಗ ಮುಗಿಯುತ್ತದೆ. ಮಂಜಿನಲ್ಲಿ ಇಟ್ಟದ್ದೂ ಕುದಿಸಿದ್ದೂ ನೀಲಿಯಾಗಿಯೇ ಇರುವುದರಿಂದ ಎರಡರಲ್ಲೂ ಕಿಣ್ವ ಸತ್ತಿದೆ ಎಂದು ಬರೆಯುವವರು ಪ್ರತಿ ವರ್ಷ ಇರುತ್ತಾರೆ. ಎರಡನ್ನೂ ಹೊರಗೆ ತೆಗೆದಿಟ್ಟು ಕಾಯಿರಿ ಎನ್ನುತ್ತೇನೆ. ಮಂಜಿನದು ಬೆಚ್ಚಗಾದಂತೆ ಕೆಲಸ ಹಿಡಿಯುತ್ತದೆ, ಕುದಿಸಿದ್ದು ಮರುದಿನ ಬೆಳಿಗ್ಗೆಯೂ ನೀಲಿ. ಕಿಣ್ವ ಪ್ರೋಟೀನು, ಅದರ ಕೆಲಸವೆಲ್ಲ ಅದರ ಎಳೆ ಮಡಚಿಕೊಂಡಿರುವ ರೀತಿಯಲ್ಲಿ ಇದೆ, ಕುದಿಸಿದಾಗ ಆ ಮಡಿಕೆ ಬಿಚ್ಚಿಹೋಗುತ್ತದೆ. ಕಿಣ್ವ ಪ್ರೋಟೀನೇ ಎಂಬುದು ಇಂದು ಒಂದು ಅಂಕದ ಪ್ರಶ್ನೆ. ಅಮೆರಿಕದ ವಿಜ್ಞಾನಿ ಜೇಮ್ಸ್ ಸಮ್ನರ್ ಜ್ಯಾಕ್ ಬೀನ್ ಎಂಬ ಕಾಳಿನಿಂದ ಯೂರಿಯೇಸ್ ಎಂಬ ಕಿಣ್ವವನ್ನು ಹರಳುಗಟ್ಟಿಸಿ ಅದನ್ನು ತೋರಿಸಿದ್ದು 1926ರಲ್ಲಿ. ಹಲವು ವರ್ಷಗಳ ಆ ದುಡಿಮೆಯನ್ನು ದೊಡ್ಡ ವಿಜ್ಞಾನಿಗಳೇ ಬಹಳ ಕಾಲ ಒಪ್ಪಲಿಲ್ಲ, ನೊಬೆಲ್ ಬಂದದ್ದು 1946ರಲ್ಲಿ.

ಬಿಸಿ ಪ್ರನಾಳದ ತೊಟ್ಟನ್ನು ಆರಿಸಿಯೇ ಟೈಲಿನ ಮೇಲೆ ಬಿಡಬೇಕು. ಪಿಷ್ಟ ಮತ್ತು ಅಯೋಡಿನ್ನಿನ ನೀಲಿಯೇ ಬಿಸಿಯಲ್ಲಿ ಮಾಯವಾಗಿ ತಣಿದಾಗ ಮರಳುತ್ತದೆ, ಅದನ್ನು ಕಿಣ್ವದ ಕೆಲಸ ಎಂದುಕೊಳ್ಳುವ ಅಪಾಯವಿದೆ. ಇದಕ್ಕಿಂತ ದೊಡ್ಡ ಬಲೆ ನಿಂಬೆರಸ. ಆಮ್ಲದ ಪರಿಣಾಮ ನೋಡೋಣ ಎಂದ ಕೂಡಲೇ ಮಕ್ಕಳ ಕೈಗೆ ಸಿಗುವುದು ನಿಂಬೆಹಣ್ಣು. ನಿಂಬೆರಸ ಹಾಕಿದ ಪ್ರನಾಳದ ತೊಟ್ಟು ಅಯೋಡಿನ್ನಿನ ಮೇಲೆ ಬಿದ್ದ ತಕ್ಷಣ ಬಣ್ಣ ಹೋಗುತ್ತದೆ. “ಮೇಡಂ, ಹುಳಿಗೆ ಕಿಣ್ವದ ವೇಗ ಜಾಸ್ತಿ” ಎಂದು ಒಬ್ಬ ಹುಡುಗ ಕೂಗಿದ. ಕಿಣ್ವವೇ ಇಲ್ಲದ ಬರೀ ಪಿಷ್ಟಕ್ಕೆ ನಿಂಬೆರಸ ಹಾಕಿ ನೋಡಪ್ಪ ಎಂದೆ. ಅಲ್ಲಿಯೂ ಬಣ್ಣ ಹೋಯಿತು. ನಿಂಬೆಯಲ್ಲಿರುವ ವಿಟಮಿನ್ ಸಿ ಅಯೋಡಿನ್ ಅನ್ನೇ ಅಯೋಡೈಡ್ ಆಗಿ ಮಾರ್ಪಡಿಸುತ್ತದೆ, ಪಿಷ್ಟ ಇದ್ದಲ್ಲೇ ಇರುತ್ತದೆ. ಹೋಲಿಕೆಗೆ ಒಂದು ಪ್ರನಾಳ ಏಕೆ ಇಡಬೇಕು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ದಾರಿ ನನಗೆ ಸಿಕ್ಕಿಲ್ಲ, ಹಾಗಾಗಿ ನಿಂಬೆಹಣ್ಣು ತರುವವರನ್ನು ನಾನು ತಡೆಯುವುದಿಲ್ಲ. ನಿಜವಾದ ಪರೀಕ್ಷೆಗೆ ವಿನೆಗರ್ ಬಳಸುತ್ತೇವೆ. ಧಾನ್ಯದ ಅಮೈಲೇಸ್ ತುಸು ಆಮ್ಲೀಯತೆಯನ್ನು ಇಷ್ಟಪಡುತ್ತದೆ, ಆಮ್ಲೀಯತೆಯ ಅಳತೆಯಾದ ಪಿಎಚ್ ಐದರ ಆಸುಪಾಸಿನಲ್ಲಿ ಚುರುಕು. ವಿನೆಗರ್ ಹೆಚ್ಚಾದರೆ ನಿಂತೇ ಹೋಗುತ್ತದೆ.

ಮಾಮೂಲಿ ರಾಗಿ ಹಿಟ್ಟಿನ ತಿಳಿ ಇವೆಲ್ಲದರಲ್ಲೂ ಹಿಂದೆ ಬೀಳುತ್ತದೆ. ಒಣ ಕಾಳಿನಲ್ಲಿ ಆಲ್ಫಾ ಅಮೈಲೇಸ್ ಇಲ್ಲವೆನ್ನುವಷ್ಟು ಕಡಿಮೆ. ನೀರು ಕುಡಿದ ಮೇಲೆ ಭ್ರೂಣದಿಂದ ಜಿಬ್ಬರೆಲಿನ್ ಎಂಬ ಹಾರ್ಮೋನು ಹೊರಟು, ಪಿಷ್ಟದ ರಾಶಿಯನ್ನು ಸುತ್ತುವರಿದ ಅಲ್ಯೂರೋನ್ ಪದರಕ್ಕೆ ತಲುಪಿ, ಕಿಣ್ವ ತಯಾರಿಸಲು ಹೇಳುತ್ತದೆ. ಬಾರ್ಲಿಯ ಮೊಳಕೆಯಲ್ಲಿ ಇದೇ ಕಿಣ್ವವನ್ನು ಪಾಯೆನ್ ಮತ್ತು ಪೆರ್ಸೋ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞರು 1833ರಲ್ಲಿ ಬೇರ್ಪಡಿಸಿದರು. ತಿಳಿಗೆ ಆಲ್ಕೋಹಾಲ್ ಸುರಿದಾಗ ಕೆಳಗೆ ಕೂತ ಬಿಳಿ ಗಷ್ಟಿನಲ್ಲಿ ಪಿಷ್ಟವನ್ನು ಕರಗಿಸುವ ಗುಣ ಇತ್ತು.

ಪ್ರಯೋಗಾಲಯದ ಕೆಲಸ ಮುಗಿದ ಮೇಲೆ ಒಲೆಯ ಮೇಲಿನ ಕೆಲಸ. ಮಾಮೂಲಿ ಹಿಟ್ಟಿನಲ್ಲಿ ಚಮಚ ನಿಲ್ಲುವಷ್ಟು ಗಟ್ಟಿ ಅಂಬಲಿ ಕಾಯಿಸಿ ಇಳಿಸಿ, ಬೆರಳು ತಾಳುವಷ್ಟು ಆರಿದಾಗ ಒಂದು ಚಮಚ ಮೊಳಕೆ ಹಿಟ್ಟು ಹಾಕಿ ತಿರುವಿದರೆ, ಸ್ವಲ್ಪ ಹೊತ್ತಿನಲ್ಲಿ ಅದು ಕುಡಿಯುವಷ್ಟು ತೆಳುವಾಗುತ್ತದೆ. ನೀರು ಒಂದು ತೊಟ್ಟೂ ಸೇರಿಲ್ಲ. ಸಣ್ಣ ಹೊಟ್ಟೆಯ ಕೂಸಿಗೆ ಇದು ದೊಡ್ಡ ವಿಷಯ: ನೀರು ಬೆರೆಸಿ ತೆಳುವಾಗಿಸಿದರೆ ಶಕ್ತಿ ಕಡಿಮೆ, ಗಟ್ಟಿಯಾಗಿಟ್ಟರೆ ಕೂಸು ನುಂಗುವುದಿಲ್ಲ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಮಲ್ಲೇಶಿ ಮತ್ತು ದೇಶಿಕಾಚಾರ್ ಅವರು ಮೊಳಕೆ ರಾಗಿ ಹಾಗೂ ಹೆಸರುಕಾಳಿನಿಂದ ಶಿಶು ಆಹಾರ ರೂಪಿಸಿ 1982ರಲ್ಲಿ ಪ್ರಕಟಿಸಿದ್ದು ಈ ಗುಣವನ್ನು ನೆಚ್ಚಿಕೊಂಡೇ. ತೆಳುವಾದ ಮೇಲೆ ಮತ್ತೊಮ್ಮೆ ಕುದಿಸಿಯೇ ಕೂಸಿಗೆ ಕೊಡಬೇಕು. ಒದ್ದೆ ಬಟ್ಟೆಯಲ್ಲಿ ಬೆಚ್ಚಗೆ ಇದ್ದ ಕಾಳಿನಲ್ಲಿ ಬೇರಿನ ಜೊತೆ ಸೂಕ್ಷ್ಮಜೀವಿಗಳೂ ಬೆಳೆದಿರುತ್ತವೆ.

ಅರಳು ಹುರಿದು ಬೀಸಿದ ಹುರಿಹಿಟ್ಟಿನಿಂದ ಇದು ಆಗುವುದಿಲ್ಲ. ಅಂಗಡಿಯ ರಾಗಿ ಮಾಲ್ಟ್ ಪೊಟ್ಟಣಗಳಲ್ಲೂ ಎಷ್ಟೋ ಅಂಬಲಿಯನ್ನು ಅಲುಗಿಸುವುದಿಲ್ಲ, ಘಮಕ್ಕಾಗಿ ಚೆನ್ನಾಗಿ ಹುರಿದಾಗ ಕಿಣ್ವ ಹೋಗಿರುತ್ತದೆ. ಪರಿಮಳವೇ ಬೇಕೆನ್ನುವವರಿಗೆ ನನ್ನ ತಕರಾರಿಲ್ಲ, ಆದರೆ ಕೂಸಿನ ಸರಿಗೆ ಆ ಹಿಟ್ಟಿನಿಂದ ಉಪಕಾರ ಅರ್ಧ. ಮೊಳಕೆಯನ್ನು ಪೂರ್ತಿ ಒಣಗಿಸಿದ ನಂತರ ಹದವಾಗಿ ಬೆಚ್ಚಗೆ ಮಾಡಿದರೆ ಕಿಣ್ವ ಬಹುಪಾಲು ಉಳಿಯುತ್ತದೆ, ಏಕೆಂದರೆ ಒಣ ಪ್ರೋಟೀನು ಒದ್ದೆ ಪ್ರೋಟೀನಿಗಿಂತ ಹೆಚ್ಚು ಬಿಸಿ ತಾಳುತ್ತದೆ. ಹಸಿ ಮೊಳಕೆಯನ್ನೇ ಬಾಣಲೆಗೆ ಹಾಕಬಾರದು.

ಉತ್ತರ ಕರ್ನಾಟಕದಿಂದ ವರ್ಗವಾಗಿ ಬಂದ ಸಹೋದ್ಯೋಗಿಯೊಬ್ಬರು ಇದನ್ನು ಜೋಳದಲ್ಲಿ ಮಾಡಬಹುದೇ ಎಂದು ಕೇಳಿದರು. ಪ್ರನಾಳದಲ್ಲಿ ಧಾರಾಳವಾಗಿ ಮಾಡಿ ಸರ್, ತಿನ್ನಲು ಬೇಡ ಎಂದೆ. ಎಳೆ ಜೋಳದ ಪೈರು ಮೇಯ್ದ ದನ ಸಾಯುವುದು ರೈತರಿಗೆ ಗೊತ್ತಿರುವ ಸಂಗತಿ. ಜೋಳದ ಮೊಳಕೆಯ ಎಳೆ ಕುಡಿಯಲ್ಲಿ ಧುರಿನ್ ಎಂಬ ವಸ್ತು ಇದೆ, ಅದನ್ನು ಒಡೆಯುವ ಕಿಣ್ವವನ್ನು ಗಿಡ ಬೇರೆಡೆ ಇಟ್ಟುಕೊಂಡಿರುತ್ತದೆ. ಜಗಿದಾಗ ಎರಡೂ ಕೂಡಿ ಸೈನೈಡ್ ಹೊರಬರುತ್ತದೆ. ಆ ಸೈನೈಡ್ ಕೊಲ್ಲುವುದೂ ಒಂದು ಕಿಣ್ವವನ್ನು ಹಿಡಿದೇ: ಜೀವಕೋಶ ಆಮ್ಲಜನಕ ಬಳಸಲು ಬೇಕಾದ ಸೈಟೋಕ್ರೋಮ್ ಆಕ್ಸಿಡೇಸ್ ಅನ್ನು ಕಟ್ಟಿಹಾಕುತ್ತದೆ. ಆ ಸಹೋದ್ಯೋಗಿ ಈಗ ಆ ಪ್ರಸಂಗವನ್ನೇ ಹಿಡಿದು ಉಸಿರಾಟದ ಪಾಠ ಆರಂಭಿಸುತ್ತಾರೆ.