ರಾತ್ರಿ 10ಕ್ಕೆ ಊಟ ಸಿಗುತ್ತಾ? ಮಂಗಳೂರಿಗೆ ಕಂಪನಿ ಕರೆಸುವ ಕೆಲಸದಲ್ಲಿ ನನ್ನ ಅನುಭವ

ನನ್ನ ಮೊದಲ ಪಿಪಿಟಿಯಲ್ಲಿ 42 ಸ್ಲೈಡ್ ಇತ್ತು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಒಂದು ಆಫೀಸು. ಗಾಜಿನ ಕೋಣೆ, ಎದುರಿಗೆ ಸಾಫ್ಟ್‌ವೇರ್ ಕಂಪನಿಯೊಂದರ ಮೂವರು. ಮೂರನೇ ಸ್ಲೈಡ್‌ನಲ್ಲಿ ನವ ಮಂಗಳೂರು ಬಂದರು. ಐದನೆಯದರಲ್ಲಿ ಎಂಆರ್‌ಪಿಎಲ್, ವರ್ಷಕ್ಕೆ 1.5 ಕೋಟಿ ಟನ್ ಕಚ್ಚಾ ತೈಲ ಸಂಸ್ಕರಿಸುವ ಸಾಮರ್ಥ್ಯ. ಆಮೇಲೆ ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜು ಎನ್‌ಐಟಿಕೆ, ಮೆಡಿಕಲ್ ಕಾಲೇಜುಗಳು, ಪಣಂಬೂರು ಬೀಚಿನ ಸೂರ್ಯಾಸ್ತ. ಸೂರ್ಯಾಸ್ತ ಎರಡು ಸಲ ಇತ್ತು. ಮುಗಿದ ಮೇಲೆ ಏನಾದರೂ ಕೇಳುವುದಿದೆಯಾ ಅಂದೆ. ಎಚ್‌ಆರ್ ನೋಡಿಕೊಳ್ಳುವ ಹುಡುಗಿ ಒಂದೇ ಒಂದು ಪ್ರಶ್ನೆ ಕೇಳಿದಳು. "ನಮ್ಮ ಟೀಮು ಅಮೆರಿಕದವರ ಟೈಮಿಗೆ ಕೆಲಸ ಮಾಡೋದು ಸರ್. ರಾತ್ರಿ 10 ಗಂಟೆ ಮೇಲೆ ಊಟ ಎಲ್ಲಿ ಸಿಗುತ್ತೆ?"

ನಾನು ಹುಟ್ಟಿ ಬೆಳೆದ ಊರು. ಉತ್ತರ ಗೊತ್ತಿತ್ತು, ಹೇಳುವ ಹಾಗಿರಲಿಲ್ಲ. ನಮ್ಮಲ್ಲಿ ರಾತ್ರಿ 9 ಆಯ್ತು ಅಂದರೆ ಅರ್ಧ ಅಂಗಡಿಗಳ ಶಟರ್ ಇಳಿದಿರುತ್ತದೆ. ಸಿಟಿ ಬಸ್ಸುಗಳು ಒಂದೊಂದಾಗಿ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಖಾಲಿಯಾಗುತ್ತವೆ. "ಸಿಗುತ್ತೆ, ಸಿಗುತ್ತೆ" ಅಂತ ಏನೋ ತೇಲಿಸಿ ಎದ್ದು ಬಂದೆ. ಆ ಕಂಪನಿಯಿಂದ ಮತ್ತೆ ಫೋನ್ ಬರಲಿಲ್ಲ.

ನಾನು ಸರ್ಕಾರಿ ನೌಕರ ಅಲ್ಲ. 14 ವರ್ಷ ಬೆಂಗಳೂರಿನಲ್ಲಿ ದುಡಿದು, ಅಪ್ಪನಿಗೆ ಹುಷಾರಿಲ್ಲ ಅಂತ ಊರಿಗೆ ಬಂದವನು. ಇಲ್ಲೇ ಸಣ್ಣದೊಂದು ಸಾಫ್ಟ್‌ವೇರ್ ಕಂಪನಿ ನಡೆಸುತ್ತೇನೆ. ನನ್ನಂಥ ಐದಾರು ಜನ ಸೇರಿ ಹೊರಗಿನ ಕಂಪನಿಗಳಿಗೆ ಊರು ತೋರಿಸುವ ಕೆಲಸ ಹಚ್ಚಿಕೊಂಡಿದ್ದೇವೆ. ಸಂಬಳ ಇಲ್ಲ. ಇದರಲ್ಲಿ ಸ್ವಾರ್ಥವೇನೋ ಇದೆ. ಊರಲ್ಲಿ ಹತ್ತು ಕಂಪನಿ ಇದ್ದರೆ ನನ್ನ ಕಂಪನಿಗೂ ಅನುಭವ ಇರುವ ಜನ ಸಿಗುತ್ತಾರೆ ಅಲ್ವಾ? ಸರ್ಕಾರದ ಕಡೆಯಿಂದ, ಕಂಪನಿಗಳನ್ನು ಬೆಂಗಳೂರಿನ ಹೊರಗೂ ಬೆಳೆಸುವ 'ಬಿಯಾಂಡ್ ಬೆಂಗಳೂರು' ಕಾರ್ಯಕ್ರಮ ಇದೆ, ಕರ್ನಾಟಕ ಡಿಜಿಟಲ್ ಎಕಾನಮಿ ಮಿಷನ್ ಇದೆ, ಮಂಗಳೂರು-ಉಡುಪಿ-ಮಣಿಪಾಲ ಸೇರಿಸಿ 'ಸಿಲಿಕಾನ್ ಬೀಚ್' ಅನ್ನುವ ಹೆಸರೂ ಓಡಾಡುತ್ತಿದೆ. ಕೆನರಾ ಚೇಂಬರ್ ಆಫ್ ಕಾಮರ್ಸ್ 1940ರಿಂದ ಇದೆ. ಅವರೆಲ್ಲ ವೇದಿಕೆ ಹಾಕುತ್ತಾರೆ. ನಾವು ಏರ್‌ಪೋರ್ಟಿಗೆ ಕಾರು ತಗೊಂಡು ಹೋಗುವವರು.

ಮೊದಲ ಒಂದೂವರೆ ವರ್ಷ ನಾವು ಮಾಡಿದ್ದು ದಲ್ಲಾಳಿ ಕೆಲಸ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರಲ್ಲ, ಹಾಗೆ. ಡಿಸೆಂಬರ್, ಜನವರಿಯಲ್ಲೇ ಜನರನ್ನು ಕರೆಸುತ್ತಿದ್ದೆವು. ಆಕಾಶ ತಿಳಿ ಇರುತ್ತದೆ, ರಸ್ತೆ ಒಣಗಿರುತ್ತದೆ. ಬಜಪೆ ಏರ್‌ಪೋರ್ಟಿನಲ್ಲಿ ಇಳಿಸಿ, ಮುಡಿಪಿನ ಇನ್ಫೋಸಿಸ್ ಕ್ಯಾಂಪಸ್ಸು ತೋರಿಸಿ, ಮಧ್ಯಾಹ್ನ ಕಾಣೆ ಮೀನಿನ ರವಾ ಫ್ರೈ ತಿನ್ನಿಸಿ, ಸಂಜೆ ತಣ್ಣೀರುಬಾವಿ ಬೀಚು, ಕೊನೆಗೆ ಒಂದು ಗಡ್‌ಬಡ್ ಐಸ್‌ಕ್ರೀಮ್. ಬಂದವರೆಲ್ಲ ಖುಷಿಯಲ್ಲೇ ಹೋಗುತ್ತಿದ್ದರು. ಮುಂದಿನ ವರ್ಷ ಹೆಂಡತಿ ಮಕ್ಕಳ ಜೊತೆ ಪ್ರವಾಸಕ್ಕೆ ಬಂದವರೂ ಇದ್ದಾರೆ. ಆಫೀಸು ಮಾತ್ರ ತೆರೆಯಲಿಲ್ಲ.

ಬ್ಯಾಂಕುಗಳ ಸ್ಲೈಡ್ ಬಗ್ಗೆ ಹೇಳಲೇಬೇಕು. ಅದು ನನ್ನ ಹೆಮ್ಮೆಯ ಸ್ಲೈಡ್. 1906ರಲ್ಲಿ ಇಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಮೇಲೆ ದಪ್ಪ ಅಕ್ಷರದಲ್ಲಿ 'ಬ್ಯಾಂಕುಗಳ ತವರು'. ಒಮ್ಮೆ ಧಾರವಾಡದ ಕಡೆಯ ಹಿರಿಯರೊಬ್ಬರು ಇದನ್ನು ನೋಡಿ ನಕ್ಕರು. "ತವರು ಅಂದ್ರ ಮಗಳು ಮನಿ ಬಿಟ್ಟು ಹೋಗ್ಯಾಳ ಅಂತನ ಅರ್ಥ ಅಲ್ಲೇನ್ರೀ?" ಅಂದರು. ನನಗೆ ಮಾತೇ ಹೊರಡಲಿಲ್ಲ. ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. 2020ರಲ್ಲಿ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಕೆನರಾಕ್ಕೆ. ಕೆನರಾದ ಪ್ರಧಾನ ಕಚೇರಿ ಇರುವುದು ಬೆಂಗಳೂರಿನಲ್ಲಿ. ಈ ಐದರಲ್ಲಿ ಮಂಗಳೂರಲ್ಲೇ ಪ್ರಧಾನ ಕಚೇರಿ ಉಳಿಸಿಕೊಂಡದ್ದು ಕರ್ಣಾಟಕ ಬ್ಯಾಂಕ್ ಒಂದೇ.

ಆವತ್ತು ಮನೆಗೆ ಹೋಗಿ ಆ ಮಾತನ್ನೇ ಯೋಚಿಸಿದೆ. ನಮ್ಮ ಊರು ಹಿಂದಿನಿಂದಲೂ ಕಳಿಸಿಕೊಟ್ಟೇ ಬದುಕಿದ ಊರು. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ಹೆಂಚು ಹಡಗು ಹತ್ತಿತು. ಗೋಡಂಬಿ ಹೋಯಿತು, ಕೊಡಗು-ಚಿಕ್ಕಮಗಳೂರಿನ ಕಾಫಿ ನಮ್ಮ ಬಂದರಿಂದಲೇ ಹೋಗುತ್ತದೆ. ಹೋಟೆಲ್ ಇಡಲು ಮುಂಬೈಗೆ, ಕೆಲಸಕ್ಕೆ ದುಬೈಗೆ ನಮ್ಮವರೇ ಹೋದರು. ಈಗ ಇಂಜಿನಿಯರುಗಳು. ಕಾಲೇಜು ಜಾಸ್ತಿ, ಹೊಸಬರಿಗೆ ಬರ ಇಲ್ಲ. ಆದರೆ ಕಂಪನಿಯವರು ಕೇಳುವುದು "ಎಂಟು ಹತ್ತು ವರ್ಷ ಅನುಭವ ಇರುವ 15 ಜನ ಸಿಗುತ್ತಾರಾ?" ಅಂತ. ಆ 15 ಜನ ಇರುವುದು ಬೆಂಗಳೂರಿನ ಬೆಳ್ಳಂದೂರಿನಲ್ಲಿ, ಬಾಡಿಗೆ ಫ್ಲ್ಯಾಟಿನಲ್ಲಿ, ಗಂಜಿಗೆ ಊರ ಉಪ್ಪಿನಕಾಯಿ ನೆಂಚಿಕೊಂಡು.

ಹಾಗಾಗಿ ಕೆಲಸ ತಿರುವುಮುರುವು ಮಾಡಿದೆವು. ಕಂಪನಿ ಹುಡುಕುವುದು ಬಿಟ್ಟು ನಮ್ಮವರನ್ನು ಹುಡುಕಿದೆವು. ಹೊರಗಿನ ಕಂಪನಿಗಳಲ್ಲಿ ಮ್ಯಾನೇಜರು, ಡೈರೆಕ್ಟರು ಆಗಿರುವ ಕರಾವಳಿಯವರು ಯಾರ್ಯಾರು? ಲಿಂಕ್ಡ್‌ಇನ್ನಿನಲ್ಲಿ ಕೆಲವರು ಸಿಕ್ಕಿದರು. ಜಾಸ್ತಿ ಸಿಕ್ಕಿದ್ದು ಮದುವೆ ಹಾಲ್‌ಗಳಲ್ಲಿ. ನಮ್ಮ ಕಡೆ ಏಪ್ರಿಲ್, ಮೇ ಬಂತೆಂದರೆ ಮದುವೆ, ದೈವದ ನೇಮ, ದೇವಸ್ಥಾನದ ಬ್ರಹ್ಮಕಲಶ ಅಂತ ಎಲ್ಲರೂ ಊರಿಗೆ ಬರುತ್ತಾರೆ. ಮೇ ಕೊನೆಗೆ ಪತ್ತನಾಜೆ, ಅಂದರೆ ಉತ್ಸವಗಳಿಗೆಲ್ಲ ತೆರೆ ಬೀಳುವ ದಿನ, ಆದ ಮೇಲೆ ಕೋಲವೂ ಇಲ್ಲ, ಯಕ್ಷಗಾನ ಮೇಳವೂ ಇಲ್ಲ, ಜನವೂ ಇಲ್ಲ. ಅಷ್ಟರೊಳಗೆ ಹಿಡಿಯಬೇಕು. ಒಂದು ಮೇ ತಿಂಗಳಲ್ಲಿ ನಾನು ಕರೆಯೋಲೆ ಬಂದ ಮದುವೆ, ಬರದ ಮದುವೆ ಎರಡಕ್ಕೂ ಹೋಗಿದ್ದೇನೆ. ಊಟದ ಪಂಕ್ತಿಯಲ್ಲಿ ಪಕ್ಕದವರನ್ನು "ಎಲ್ಲಿ ಕೆಲಸ? ನಿಮ್ಮ ಕೈ ಕೆಳಗೆ ಎಷ್ಟು ಜನ?" ಅಂತ ಕೇಳುವುದು. "ನಿನಗೆ ಹೆಣ್ಣು ಹುಡುಕುವುದಾ, ಗಂಡು ಹುಡುಕುವುದಾ ಮಾರಾಯ?" ಅಂತ ದೊಡ್ಡಮ್ಮ ಜೋರಾಗಿ ಕೇಳಿ ಮರ್ಯಾದೆ ಕಳೆದರು.

ಅಲ್ಲಿ ಸಿಕ್ಕಿದ 30-40 ಜನರ ಪಟ್ಟಿ ನಮ್ಮ 42 ಸ್ಲೈಡಿಗಿಂತ ತೂಕದ್ದಾಯಿತು. ಕಾರಣ ಸುಲಭ. ಕಂಪನಿಯ ಮೀಟಿಂಗಿನಲ್ಲಿ ಹೊಸ ಜಾಗದ ಮಾತು ಬಂದಾಗ "ಮಂಗಳೂರು ನೋಡೋಣ್ವಾ?" ಅನ್ನಲು ಒಳಗೊಬ್ಬರು ಬೇಕು. ನಾವು ಹೊರಗಿನಿಂದ ನೂರು ಸಲ ಹೇಳುವುದೂ, ಅವರು ಒಳಗಿನಿಂದ ಒಂದು ಸಲ ಹೇಳುವುದೂ ಒಂದೇ ಅಲ್ಲ. ಅವರ ಅಮ್ಮ ಇಲ್ಲಿ ಒಬ್ಬರೇ ಇದ್ದಾರೆ, ಮಗಳನ್ನು ಇಲ್ಲೇ ಓದಿಸುವ ಆಸೆ ಇದೆ. ನಮ್ಮ ಪರವಾಗಿ ವಾದಿಸುವುದು ಅವರ ಸ್ವಂತ ಅಗತ್ಯ.

ಆಮೇಲೆ ಕಟ್ಟಡದ ತಲೆನೋವು. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಕಂಪನಿ ಒಪ್ಪಿತು ಅಂದರೆ ಅವರಿಗೆ ಬೇಕಿರುವುದು ಕುರ್ಚಿ, ಮೇಜು, ಎಸಿ, ಜನರೇಟರ್ ಎಲ್ಲ ಇರುವ 50 ಸೀಟಿನ ಜಾಗ, ಅದೂ ಮುಂದಿನ ತಿಂಗಳು. ನಾವು ಹುಡುಕಿದಾಗ ಊರಲ್ಲಿ ಕಣ್ಣಿಗೆ ಬಿದ್ದದ್ದೆಲ್ಲ ಫ್ಲ್ಯಾಟು, ಮಾಲು, ಮದುವೆ ಹಾಲು. ಒಬ್ಬ ಕಟ್ಟಡದ ಯಜಮಾನರು ಎರಡು ತಿಂಗಳು ಮಾತಾಡಿಸಿ, ಕೊನೆಗೆ ಆ ಮಹಡಿಯನ್ನು ಪಾರ್ಟಿ ಹಾಲ್ ಮಾಡಿದರು. ಅವರ ಲೆಕ್ಕ ಅವರದ್ದು.

ಇನ್ನೊಂದು ಜಾಗ ಎಲ್ಲ ಸರಿಯಿತ್ತು. ಎರಡು ಬೇರೆ ಬೇರೆ ಕಂಪನಿಯ ಫೈಬರ್ ಇಂಟರ್ನೆಟ್ ಇದೆ, ಒಂದು ಹೋದರೆ ಇನ್ನೊಂದು ಅಂತ ನಾನೇ ಭರವಸೆ ಕೊಟ್ಟಿದ್ದೆ. ಅವರ ನೆಟ್‌ವರ್ಕ್ ಇಂಜಿನಿಯರು ನೋಡಲು ಬಂದ ದಿನ ಮುಂದಿನ ರಸ್ತೆಯಲ್ಲಿ ಜೆಸಿಬಿ ಅಗೆಯುತ್ತಿತ್ತು. 11 ಗಂಟೆಗೆ ಒಂದು ಲೈನ್ ಹೋಯಿತು. "ನೋಡಿ, ಈಗ ಎರಡನೆಯದ್ದು ಬರುತ್ತದೆ" ಅಂದೆ. ಬರಲಿಲ್ಲ. ಇಬ್ಬರೂ ಕೆಳಗೆ ಹೋದೆವು. ಗುಂಡಿಯಲ್ಲಿ ಕಿತ್ತಳೆ ಬಣ್ಣದ ಪೈಪು ಒಡೆದು ಬಿದ್ದಿತ್ತು. ಒಳಗೆ ಎರಡೂ ಕಂಪನಿಯ ಕೇಬಲ್ಲು, ಅಕ್ಕಪಕ್ಕ, ಅಣ್ಣತಮ್ಮಂದಿರ ಹಾಗೆ. ಬಿಲ್ಲು ಬೇರೆ ಬೇರೆ, ಗುಂಡಿ ಒಂದೇ. ಇಂಜಿನಿಯರು ಫೋಟೋ ತೆಗೆದುಕೊಂಡರು, ಏನೂ ಹೇಳಲಿಲ್ಲ. ಈಗ ಯಾವ ಕಟ್ಟಡ ತೋರಿಸುವ ಮೊದಲೂ ಕೇಬಲ್ ಯಾವ ಕಡೆಯಿಂದ ಒಳಗೆ ಬರುತ್ತದೆ ಅಂತ ನಾನೇ ನಡೆದು ನೋಡುತ್ತೇನೆ. ಒಂದು ಮುಂದಿನಿಂದ, ಇನ್ನೊಂದು ಹಿಂದಿನ ರಸ್ತೆಯಿಂದ ಬಂದರೆ ಮಾತ್ರ ಎರಡು ಅಂತ ಲೆಕ್ಕ.

ನಮ್ಮ ಕೆಲಸ ನಿಜವಾಗಿ ಬದಲಾದದ್ದು ಒಂದು ಜುಲೈನಲ್ಲಿ, ಅದೂ ತಪ್ಪಿ. ಪುಣೆಯ ಕಂಪನಿಯೊಂದರ ಹಿರಿಯರು ಡಿಸೆಂಬರ್‌ವರೆಗೆ ಕಾಯಲು ಒಪ್ಪಲಿಲ್ಲ. ಬೇಡ ಅನ್ನಲು ಬಾಯಿ ಬರಲಿಲ್ಲ. ಅವರ ವಿಮಾನ ಬಜಪೆಯ ಮೇಲೆ ಸುತ್ತು ಹಾಕಿ, ಮೋಡ ಬಿಡದೆ ಬೆಂಗಳೂರಿಗೆ ವಾಪಸ್ ಹೋಯಿತು. ನಮ್ಮದು ಗುಡ್ಡದ ನೆತ್ತಿಯ ಮೇಲಿನ ರನ್‌ವೇ, ಮಳೆಗಾಲದಲ್ಲಿ ಹೀಗಾಗುತ್ತದೆ. ಕಾರಲ್ಲಿ ಬರೋಣವೆಂದರೆ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದಿತ್ತು. ಮುಗಿಯಿತು ಕಥೆ ಅಂದುಕೊಂಡೆ. ಅವರು ಹಠವಾದಿ. ಮರುದಿನ ಬೆಳಿಗ್ಗೆಯ ವಿಮಾನದಲ್ಲಿ ಬಂದರು.

ಬೀಚಿಗೆ ಹೋಗುವ ಹಾಗಿಲ್ಲ. ದಕ್ಕೆಗೆ, ಅಂದರೆ ಮೀನುಗಾರಿಕೆ ಬಂದರಿಗೆ, ಕರೆದೊಯ್ದರೆ ಬೋಟುಗಳೆಲ್ಲ ಕಟ್ಟಿ ನಿಂತಿವೆ, ಜೂನ್, ಜುಲೈ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ತೋರಿಸಲು ಏನೂ ಇಲ್ಲ. ಸುಮ್ನೆ ನನ್ನ ಆಫೀಸಿಗೇ ಕರಕೊಂಡು ಹೋದೆ. ಡೀಸಿ ಅವತ್ತು ಶಾಲೆಗಳಿಗೆ ರಜೆ ಕೊಟ್ಟಿದ್ದರು. ಅಂಥ ಮಳೆ. ಬಾಗಿಲ ಹತ್ತಿರ ಕೊಡೆಗಳ ರಾಶಿ, ಕುರ್ಚಿಗಳ ಮೇಲೆ ಒಣಗಲು ಹಾಕಿದ ರೈನ್‌ಕೋಟು. 26 ಜನರಲ್ಲಿ 24 ಜನ ಬಂದಿದ್ದರು. ಅವರು ಎಣಿಸಿದರು, ನಾನಲ್ಲ. "ಎಷ್ಟು ಹೊತ್ತಾಯಿತು ಬರಲು?" ಅಂತ ಒಬ್ಬಳನ್ನು ಕೇಳಿದರು. "ಇವತ್ತು ಲೇಟ್ ಸರ್, ಅರ್ಧ ಗಂಟೆ" ಅಂದಳು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ ಪ್ರಶ್ನೆಗಳೆಲ್ಲ ಬೇರೆ ಥರದವು. ಕರೆಂಟು ಎಷ್ಟು ಸಲ ಹೋಗುತ್ತದೆ, ಬಾಡಿಗೆ ಎಷ್ಟು, ಬಿಟ್ಟು ಹೋದವರು ಎಷ್ಟು ಜನ, ಯಾಕೆ ಬಿಟ್ಟರು. ಇದ್ದದ್ದು ಇದ್ದ ಹಾಗೆ ಹೇಳಿದೆ. ನಾಲ್ಕು ತಿಂಗಳಾದ ಮೇಲೆ 20 ಜನರ ಸಣ್ಣ ಆಫೀಸು ತೆರೆದರು. ನಡೆಸಲು ಬಂದವರು ಮದುವೆ ಹಾಲಿನ ಪಟ್ಟಿಯವರೇ, ಪುತ್ತೂರಿನವರು.

ಅಂದಿನಿಂದ ಮಳೆಗಾಲದಲ್ಲೇ ಬನ್ನಿ ಅನ್ನುತ್ತೇನೆ. ಕೆಟ್ಟದ್ದನ್ನು ಮೊದಲು ಹೇಳುತ್ತೇನೆ. ಇಷ್ಟು ಮಳೆ ಬೀಳುವ ಊರಲ್ಲಿ 2016ರಲ್ಲೂ 2019ರಲ್ಲೂ ಬೇಸಿಗೆ ಕೊನೆಗೆ ತುಂಬೆ ಅಣೆಕಟ್ಟಿನ ನೀರು ತಳ ಕಂಡು, ನಲ್ಲಿ ನೀರಿಗೆ ಪಾಳಿ ಬಂದಿತ್ತು ಅಂತಲೂ ಹೇಳುತ್ತೇನೆ. ಗಲಾಟೆ, ನಿಷೇಧಾಜ್ಞೆಯ ಸುದ್ದಿ ಓದಿಯೇ ಬಂದಿರುತ್ತಾರೆ. 2019ರ ಡಿಸೆಂಬರಿನಲ್ಲಿ ಮೊಬೈಲ್ ಇಂಟರ್ನೆಟ್ಟೇ ಬಂದ್ ಆಗಿತ್ತು. ಸಿಲಿಕಾನ್ ಬೀಚಿನಲ್ಲಿ ನೆಟ್ ಇಲ್ಲ! ಅದಕ್ಕೆ ನಾನು ಸಮಜಾಯಿಷಿ ಕೊಡಲು ಹೋಗುವುದಿಲ್ಲ. ಇಲ್ಲಿ ಕೆಲಸ ಮಾಡುವ ನಾಲ್ಕೈದು ಹೆಣ್ಣುಮಕ್ಕಳ ಜೊತೆ ಕೂರಿಸಿ ಹೊರಗೆ ಬರುತ್ತೇನೆ. ಅವರು ಏನು ಹೇಳುತ್ತಾರೋ ಅದೇ ಉತ್ತರ. ಕೆಲವೊಮ್ಮೆ ಅದರಿಂದ ನಷ್ಟವೂ ಆಗಿದೆ.

'ಇಲ್ಲಿ ಕಡಿಮೆ ಸಂಬಳಕ್ಕೆ ಜನ ಸಿಗುತ್ತಾರೆ' ಅನ್ನುವ ಸ್ಲೈಡನ್ನೂ ಕಿತ್ತು ಹಾಕಿದೆ. ಅದು ಕಂಪನಿಗೆ ಹೇಳುವ ಮಾತಾದರೂ ಕಾಲೇಜು ಹುಡುಗರ ಕಿವಿಗೂ ಬೀಳುತ್ತದೆ, ಅವರು ಆ ರಾತ್ರಿಯೇ ಬೆಂಗಳೂರು ಬಸ್ಸು ಹತ್ತುತ್ತಾರೆ. ಅದರ ಬದಲು ಉಡುಪಿಯ ರೋಬೋಸಾಫ್ಟ್ ಕಥೆ ಹೇಳುತ್ತೇನೆ. 1996ರಲ್ಲಿ ಶುರುವಾದ ಕಂಪನಿ, 2021ರಲ್ಲಿ ಜಪಾನಿನ ಟೆಕ್ನೋಪ್ರೊ ಅದನ್ನು ಕೊಂಡಿತು. ಸಣ್ಣ ಊರಲ್ಲಿ ಕೂತು ಮಾಡುವ ಕೆಲಸಕ್ಕೂ ಬೆಲೆ ಇದೆ ಅನ್ನಲು ಅಷ್ಟು ಸಾಕು.

ಪಿಪಿಟಿ ಈಗ 6 ಸ್ಲೈಡಿಗೆ ಇಳಿದಿದೆ. ಬಂದರು ಇಲ್ಲ. ರಾಸಾಯನಿಕದವರೋ ರಫ್ತಿನವರೋ ಬಂದರೆ ಅದೇ ಮೊದಲು, ಸಾಫ್ಟ್‌ವೇರಿನವರಿಗೆ ಅದು ಬರೀ ಫೋಟೋ. ಸೂರ್ಯಾಸ್ತವೂ ಇಲ್ಲ. ಕೊನೆಯ ಸ್ಲೈಡಿನಲ್ಲಿ ರಾತ್ರಿ 10ರ ಮೇಲೆ ಊಟ ಸಿಗುವ ಜಾಗಗಳ ಪಟ್ಟಿ ಇದೆ. ನಾವೇ ಸ್ಕೂಟರಿನಲ್ಲಿ ಸುತ್ತಿ ಮಾಡಿದ್ದು, ಹಂಪನಕಟ್ಟೆಯಿಂದ ಕಂಕನಾಡಿವರೆಗೆ, ಆ ಕಡೆ ಕೊಟ್ಟಾರದವರೆಗೆ. ಮೊದಲು 4 ಇತ್ತು, ಈಗ 11. ಮುಂದಿನ ವಾರ ಇನ್ನೊಂದು ತಂಡ ಬರುತ್ತಿದೆ. ಅದಕ್ಕೆ ಮೊದಲು ಎಲ್ಲ ಕಡೆ ಒಂದು ಸುತ್ತು ಹೋಗಿಬರಬೇಕು. ಬೆಂದೂರುವೆಲ್ಲಿನದ್ದು ಈಗೀಗ 9ಕ್ಕೇ ಬಾಗಿಲು ಹಾಕುತ್ತಿದೆಯಂತೆ.