ಗ್ರಾಹಕರ ದೂರಿಗೆ ಉತ್ತರ ಬರೆಯುವ ಮೊದಲು ಭರಣಿ ತೆರೆದು ನೋಡಿ

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆ ಮನೆಯಲ್ಲೇ ಮಿಡಿ ಉಪ್ಪಿನಕಾಯಿ, ಜೇನುತುಪ್ಪಗಳನ್ನು ಸಿದ್ಧಪಡಿಸಿ ಘಟ್ಟದಾಚೆಗೂ ಬಯಲುಸೀಮೆಗೂ ಕಳುಹಿಸುವವರಿಗೆ ಗ್ರಾಹಕರ ಮಾತು ಬರಹದಲ್ಲೇ ತಲುಪುತ್ತದೆ. ಮೆಚ್ಚಿ ಬರೆದವರಿಗೆ, ಅವರು ಏನನ್ನು ಮೆಚ್ಚಿದರೋ ಅದನ್ನೇ ಹೆಸರಿಸಿ ಎರಡು ಸಾಲು ಬರೆದರೆ ಸಾಕು. ದೂರಿನ ವಿಷಯ ಹಾಗಲ್ಲ.

ದೂರು ಬಂದ ದಿನವೇ ‘ನಿಮ್ಮ ಪತ್ರ ತಲುಪಿದೆ, ಪರಿಶೀಲಿಸಿ ಇಂಥ ದಿನದೊಳಗೆ ತಿಳಿಸುತ್ತೇವೆ’ ಎಂದು ಬರೆಯಿರಿ. ಕಾರಣವನ್ನಾಗಲಿ ಸಮರ್ಥನೆಯನ್ನಾಗಲಿ ಆಗಲೇ ಸೇರಿಸಬೇಡಿ. ಆನ್‌ಲೈನ್ ಮಾರಾಟಕ್ಕೆ ಅನ್ವಯಿಸುವ 2020ರ ಗ್ರಾಹಕ ಸಂರಕ್ಷಣಾ ನಿಯಮಗಳ ಪ್ರಕಾರ ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ಖಚಿತಪಡಿಸಿ, ಒಂದು ತಿಂಗಳೊಳಗೆ ಪರಿಹಾರ ನೀಡಬೇಕು. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಎರಡೆರಡು ದಿನ ಕೈಕೊಡುವ ನಮ್ಮ ಊರುಗಳಲ್ಲಿ 48 ಗಂಟೆ ಎಂಬುದು ಸುಲಭದ ಗಡುವೇನಲ್ಲ. ಆದ್ದರಿಂದ ಪೇಟೆಯಲ್ಲಿರುವ ಮನೆಯವರೊಬ್ಬರಿಗೆ ಈ ಕೆಲಸವನ್ನು ಒಪ್ಪಿಸಿಡುವುದು ಒಳ್ಳೆಯದು.

ಅನಂತರ ಬ್ಯಾಚ್ ಸಂಖ್ಯೆಯನ್ನೂ ಫೋಟೋವನ್ನೂ ಕೇಳಿ ಪಡೆಯಿರಿ. ಪ್ರತಿ ಬ್ಯಾಚಿನಿಂದ ಒಂದು ಬಾಟಲಿಯನ್ನು ಮಾರದೆ ತೆಗೆದಿಡುವ ಅಭ್ಯಾಸದ ಬೆಲೆ ತಿಳಿಯುವುದು ಈ ಹಂತದಲ್ಲಿ. ಒಂದು ಆಷಾಢದಲ್ಲಿ, ಉಪ್ಪಿನಕಾಯಿಯ ಮೇಲೆ ಬಿಳಿ ಪೊರೆ ಕಟ್ಟಿದೆ ಎಂದು ಗ್ರಾಹಕರೊಬ್ಬರು ಬರೆದಾಗ, ‘ಒದ್ದೆ ಚಮಚ ಹಾಕಿರುತ್ತೀರಿ’ ಎಂದು ನಾನು ಕೂಡಲೇ ಉತ್ತರಿಸಿಬಿಟ್ಟೆ. ವಾರದ ಬಳಿಕ ಅದೇ ಬ್ಯಾಚಿನ ನಮ್ಮ ಭರಣಿಯನ್ನು ತೆರೆದರೆ ಅದರಲ್ಲೂ ಅದೇ ಪೊರೆ. ಚಮಚವನ್ನೇ ಹಾಕದ ಭರಣಿ ಅದು! ಕ್ಷಮೆ ಕೇಳಿ ಬರೆದ ಎರಡನೆಯ ಪತ್ರಕ್ಕೆ ಮೊದಲನೆಯದರ ಹತ್ತರಷ್ಟು ಹೊತ್ತು ಹಿಡಿಯಿತು.

ತಪ್ಪು ನಮ್ಮದೆಂದು ತಿಳಿದಾಗ ‘ನಿಮಗೆ ಹಾಗೆ ಅನ್ನಿಸಿದ್ದಕ್ಕೆ ವಿಷಾದವಿದೆ’ ಎಂದು ಬರೆಯುವುದು ಕ್ಷಮೆಯಲ್ಲ, ಜಾರಿಕೆ. ಹೀಗೆ ಬರೆಯಬಹುದು: ‘ತಾವು ತಿಳಿಸಿದ್ದು ಸರಿ. ನಾವು ತೆಗೆದಿಟ್ಟ ಬಾಟಲಿಯಲ್ಲೂ ಪೊರೆ ಕಂಡಿದೆ. ದಯವಿಟ್ಟು ಅದನ್ನು ಬಳಸಬೇಡಿ. ಬೇರೆ ಬ್ಯಾಚಿನ ಬಾಟಲಿ ಕಳುಹಿಸಲೇ, ಹಣ ಹಿಂದಿರುಗಿಸಲೇ, ತಿಳಿಸಿ.’ ಪೊರೆಯನ್ನು ತೆಗೆದು ತಿನ್ನಿ ಎಂಬ ಮನೆಮಂದಿಯ ಸಲಹೆಯನ್ನು ಹಣ ಕೊಟ್ಟು ಕೊಂಡವರಿಗೆ ನೀಡಬಾರದು.

ದೋಷವಿಲ್ಲದ ಪದಾರ್ಥದ ಮೇಲೆ ಬರುವ ದೂರಿಗೆ ವಿವರಣೆಯೇ ಉತ್ತರ. ಜೇನು ಹರಳುಗಟ್ಟಿದರೆ ಸಕ್ಕರೆ ಬೆರೆಸಿದ್ದಾರೆಂದು ಹಲವರು ನಂಬುತ್ತಾರೆ. ಜೇನಿನಲ್ಲಿರುವ ಗ್ಲೂಕೋಸ್ ಬೇರ್ಪಟ್ಟು ಹರಳಾಗುವುದು ಸಹಜ. 14 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಅದು ಬೇಗ ನಡೆಯುತ್ತದೆ. ಬಾಟಲಿಯನ್ನು ಸುಮಾರು 40 ಡಿಗ್ರಿಯ ಬೆಚ್ಚಗಿನ ನೀರಿನಲ್ಲಿಟ್ಟರೆ ಮತ್ತೆ ಕರಗುತ್ತದೆ. ಇಷ್ಟನ್ನು ಬರೆಯಿರಿ. ಹರಳುಗಟ್ಟಿದ್ದೇ ಶುದ್ಧತೆಗೆ ಸಾಕ್ಷಿ ಎಂದು ಮಾತ್ರ ಸೇರಿಸಬೇಡಿ, ಅದೂ ನಿಜವಲ್ಲ. ‘ಎಣ್ಣೆಯೇ ಇಲ್ಲ, ಬರೀ ಉಪ್ಪು’ ಎಂಬುದು ಮಿಡಿಗೆ ಬರುವ ಇನ್ನೊಂದು ದೂರು. ನಮ್ಮ ಕಡೆಯ ಮಿಡಿ ಉಪ್ಪಿನಕಾಯಿ ಬಾಳುವುದು ಎಣ್ಣೆಯಿಂದಲ್ಲ, ಉಪ್ಪಿನಿಂದ ಎಂದು ಹೇಳಬೇಕೇ ಹೊರತು, ಮಲೆನಾಡಿನ ರುಚಿ ಗೊತ್ತಿಲ್ಲದವರು ಎಂಬ ಧಾಟಿ ಸುಳಿಯಬಾರದು.

ಬೈದು ಬರೆದವರಿಗೂ ಒಮ್ಮೆ, ಒಮ್ಮೆ ಮಾತ್ರ, ಸಂಗತಿಗಷ್ಟೇ ಸೀಮಿತವಾಗಿ ಉತ್ತರಿಸಿ. ನಾಲ್ಕು ಜನ ನೋಡುವಲ್ಲಿ ಅವರ ವಿಳಾಸ, ಫೋನ್ ಸಂಖ್ಯೆಗಳನ್ನು ಬರೆಯಬೇಡಿ. ಕೋರ್ಟಿಗೆ ಹೋಗುತ್ತೇವೆ ಎಂದವರಿಗೆ ‘ಹೋಗಿ, ಶಿವಮೊಗ್ಗಕ್ಕೆ ಬನ್ನಿ’ ಎಂದು ಸವಾಲು ಹಾಕುವವರು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಗ್ರಾಹಕರು ತಾವು ವಾಸಿಸುವ ಊರಿನ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು ಎಂಬುದನ್ನು ಅರಿತಿರಬೇಕು. ಬೆಂಗಳೂರಿಗೆ ಬಸ್ಸು ಹತ್ತಬೇಕಾದವರು ನಾವೇ.

ದೂರು, ಬ್ಯಾಚ್, ಕೊಟ್ಟ ಉತ್ತರ, ಇವಿಷ್ಟನ್ನು ಒಂದು ನೋಟ್‌ಪುಸ್ತಕದಲ್ಲಿ ಬರೆದಿಡಿ. ಜೇನಿನ ಹರಳಿನ ಬಗ್ಗೆ ಮೂರನೆಯ ಪತ್ರ ಬಂದ ಮೇಲೆ ಆ ವಿವರಣೆಯನ್ನು ನಾವು ಲೇಬಲ್ಲಿನಲ್ಲೇ ಅಚ್ಚು ಹಾಕಿಸಿದೆವು.